ಗಾಳೆವ್ವ ಮದುಮಗನ ದವಡೆ ಕೂರಿಸಿದ್ದು

ಯಾವ ಅರಸನ ಕಾಲವೋ ನನಗೂ ಗೊತ್ತಿಲ್ಲ, ನನ್ನಜ್ಜಿಗೂ ಗೊತ್ತಿರಲಿಲ್ಲ. ಬಹಳ ಹಿಂದೆ, ಈ ನಮ್ಮ ಊರು ಹತ್ತು ಗುಡಿಸಲು, ನಾಲ್ಕು ಕುರಿಹಟ್ಟಿ ಆಗಿದ್ದಾಗ, ಗಾಳೆವ್ವ ಅಂತ ಕುರಿ ಕಾಯುವ ಹೆಂಗಸೊಬ್ಬಳಿದ್ದಳಂತೆ.

ಆಕೆಯ ಬೆರಳಿಗೆ ಕಣ್ಣಿತ್ತು ಅಂತಾರೆ. ಮರಿಗಳ ಕಾಲು ಹಿಡಿದು ಹಿಡಿದೇ ಕೀಲಿನ ವಿದ್ಯೆ ಕಲಿತಳಂತೆ. ಭುಜದ ಕೀಲು ಒರಳಿನೊಳಗಿನ ಗುಂಡು, ಎಲ್ಲ ದಿಕ್ಕಿಗೂ ತಿರುಗುತ್ತದೆ; ಮೊಣಕಾಲು ಬಾಗಿಲಿದ್ದಂತೆ, ಒಂದೇ ಕಡೆ ಮಡಚುತ್ತದೆ ಅನ್ನುತ್ತಿದ್ದಳಂತೆ. ಬೆನ್ನ ಹಿಂದೆ ಯಾರಾದರೂ ನಡೆದುಹೋದರೆ, ತಿರುಗಿ ನೋಡದೆ, ಎಡ ಮೊಣಕಾಲಿಗೆ ಎಣ್ಣೆ ಹಚ್ಚಪಾ ಅನ್ನುತ್ತಿದ್ದಳಂತೆ. ಒಮ್ಮೆ ಒಂಟೆಯ ಕೀಲನ್ನೂ ಕೂರಿಸಿದಳು ಅಂತಾರೆ. ಒಂಟೆ ಈ ಕಡೆ ಯಾಕೆ ಬಂತು ಅಂತ ನನ್ನನ್ನು ಕೇಳಬೇಡಿ.

ಒಂದು ದಿನ ಊರಲ್ಲಿ ಭರಮ ಅನ್ನುವವನ ಮದುವೆ. ಬೀಗರು ದೂರದವರು. ಅವರ ಮುಂದಾಳು ಹುಡುಗಿಯ ಸೋದರಮಾವ ಉಡಚಪ್ಪ. ದೊಡ್ಡ ರುಮಾಲು, ಅದಕ್ಕಿಂತ ದೊಡ್ಡ ಸಿಟ್ಟು. ಆತ ಚಪ್ಪರದಲ್ಲಿ ಕೂತಿದ್ದಾಗ ಹಿಂದಿನಿಂದ ಒಂದು ಹೋತ ಬಂದು ರುಮಾಲಿನ ತುದಿ ಕಚ್ಚಿತು. ಆತ ಎಳೆದ, ಹೋತವೂ ಎಳೆಯಿತು. ರುಮಾಲು ಬಿಚ್ಚುತ್ತ ಬಿಚ್ಚುತ್ತ ಚಪ್ಪರದ ತುಂಬ ಹರಡಿತು. ಭರಮ ಹೊಟ್ಟೆ ಹಿಡಿದು ನಕ್ಕ. ನಕ್ಕೂ ನಕ್ಕೂ ಬಾಯಿ ತೆರೆದ. ತೆರೆದ ಬಾಯಿ ಮುಚ್ಚಲೇ ಇಲ್ಲ!

ಎಲ್ಲರ ನಗು ನಿಂತಿತು, ಭರಮನ ಬಾಯಿ ಹಾಗೇ ಇತ್ತು. ಉಡಚಪ್ಪ ಕೆಂಡವಾದ.

"ಇನ್ನೂ ನಗತಾನ ನೋಡ್ರಿ! ಬಂಡಿ ಕಟ್ರಿ, ಹುಡುಗಿ ಕೊಡೂದಿಲ್ಲ!"

ಭರಮ ಆ... ಆ... ಅಂದ. ಕಣ್ಣಲ್ಲಿ ನೀರು, ಬಾಯಲ್ಲಿ ಜೊಲ್ಲು. ದೆವ್ವ ಬಡಿದಿದೆ ಅಂದರು ಕೆಲವರು. ಹೊರಗೆ ಎತ್ತುಗಳ ಹೆಗಲಿಗೆ ನೊಗ ಬಿತ್ತು, ಒಳಗೆ ಹುಡುಗಿ ಅಳತೊಡಗಿದಳು.

ಸುದ್ದಿ ಕೇಳಿ ಗಾಳೆವ್ವ ಹಟ್ಟಿಯಿಂದ ಓಡಿಬಂದಳು. ಭರಮನ ಕಿವಿಗಳ ಮುಂದೆ ಬೆರಳಿಟ್ಟಳು. ಅಲ್ಲಿ ಗುಳಿ ಬಿದ್ದಿತ್ತು.

"ದೆವ್ವಾನೂ ಅಲ್ಲ, ಸೊಕ್ಕೂ ಅಲ್ಲ. ಬಾಯಿ ತೆರೆದಾಗೊಮ್ಮೆ ದವಡಿ ಮುಂದ ಜಾರತೈತಿ, ಮುಚ್ಚಿದಾಗ ಹಿಂದ ಬರತೈತಿ. ಇವಂದು ಕೀಲಿನ ಮುಂದಿನ ಎಲುಬಿನ ದಿಬ್ಬ ದಾಟಿ ಕುಂತೈತಿ. ಬೀಗರೇ, ಬಂಡಿ ಆಮ್ಯಾಲೆ. ಮೊದಲು ಇವನ ತಲಿ ಗಟ್ಟಿ ಹಿಡೀರಿ."

ಉಡಚಪ್ಪ ಗೊಣಗುತ್ತ ಹಿಡಿದ. ಗಾಳೆವ್ವ ಹೆಬ್ಬೆರಳಿಗೆ ಬಟ್ಟೆ ಸುತ್ತಿ, ಹಿಂದಿನ ಕೆಳಹಲ್ಲುಗಳ ಮೇಲಿಟ್ಟು ಕೆಳಕ್ಕೆ ಒತ್ತಿದಳು, ಆಮೇಲೆ ಹಿಂದಕ್ಕೆ ನೂಕಿದಳು. ಟಕ್! ಆ ಸದ್ದು ಉಡಚಪ್ಪನ ಅಂಗೈಗೇ ತಾಗಿತಂತೆ.

"ಮಾವಾ, ತಪ್ಪಾತು," ಅಂದ ಭರಮ. "ಆದರ ಆ ಹೋತ..." ಮತ್ತೆ ನಗು ಉಕ್ಕಿತು.

"ಮೆಲ್ಲಕ ನಗೋ!" ಅಂತ ಗಾಳೆವ್ವ ಅವನ ಗದ್ದ ಹಿಡಿದಳು.

ಉಡಚಪ್ಪ ತನ್ನ ಕಿವಿಯ ಮುಂದೆ ಬೆರಳಿಟ್ಟು, ಬಾಯಿ ತೆರೆದ, ಮುಚ್ಚಿದ. ಹೌದಲ್ಲ, ಜಾರುತ್ತದೆ! ಮತ್ತೆ ತೆರೆದ, ಮತ್ತೆ ಮುಚ್ಚಿದ. ಆಮೇಲೆ ತಾನೂ ನಕ್ಕ. ಆತ ನಕ್ಕಿದ್ದನ್ನು ಅವರೂರಿನವರು ಅವತ್ತೇ ಮೊದಲು ನೋಡಿದ್ದಂತೆ. ಎತ್ತು ಬಿಚ್ಚಿದರು, ತಾಳಿ ಕಟ್ಟಿಸಿದರು.

ಇವತ್ತಿಗೂ ನಮ್ಮೂರಲ್ಲಿ ತಾಳಿಗೆ ಮೊದಲು ಹಿರಿಯ ಮುತ್ತೈದೆ ಗಾಳೆವ್ವನ ಹೆಸರು ಹೇಳಿ, ಮದುಮಗನ ಕಿವಿಯ ಮುಂದೆ ಬೆರಳಿಟ್ಟು, ಮೂರು ಸಲ ಬಾಯಿ ತೆರೆಸಿ ಮುಚ್ಚಿಸುತ್ತಾಳೆ. ಮೊದಲು ಗಂಡಿಗೆ ಮಾತ್ರ ಹೀಗೆ ಮಾಡುತ್ತಿದ್ದರು. ನನ್ನ ಮದುವೆಯಲ್ಲಿ ನಾನು ಹಟ ಹಿಡಿದು ಕೂತೆ: ನನ್ನದೂ ನೋಡ್ರಿ, ನಾನೂ ಈ ಮನ್ಯಾಗ ನಗಬೇಕಲ್ಲ? ಅವತ್ತಿನಿಂದ ಇಬ್ಬರದೂ ನೋಡುತ್ತಾರೆ.