ಪಟ್ಟಿ ಏರದ ಗಾಲಿ

ಒಂದು ಒಗಟು ಹೇಳುತ್ತೇನೆ, ಬಿಡಿಸಿ. ಉಣ್ಣುತ್ತದೆ, ಬಾಯಿಲ್ಲ. ಉರಿಯುತ್ತದೆ, ಹೊಗೆಯಿಲ್ಲ. ನಿಮ್ಮ ಹತ್ತಿರ ಲೆಕ್ಕವಿಲ್ಲದಷ್ಟು ಇವೆ, ಒಂದನ್ನೂ ನೀವು ಕಂಡಿಲ್ಲ. ಏನದು?

ಬರುವುದಿಲ್ಲ ಬಿಡಿ. ನನಗೂ ಬರಲಿಲ್ಲ. ನಾನು ಒಂಬತ್ತನೇ ಕ್ಲಾಸಿನಲ್ಲೇ ವಿಜ್ಞಾನಕ್ಕೂ ಗಣಿತಕ್ಕೂ ಒಟ್ಟಿಗೆ ಕೈಮುಗಿದವನು. ಒಗಟು ತಂದವರು ಮೈಲಾರಪ್ಪ. ಉತ್ತರ ತಂದವರೂ ಅವರೇ, ಒಂದು ಕೈಚೀಲದಲ್ಲಿ.

ಮೈಲಾರಪ್ಪ ಒಂದು ಕಾಲಕ್ಕೆ ನಮ್ಮ ಗರಡಿಯ ಪೈಲ್ವಾನರು. ಈಗ ಐವತ್ತೇಳು ವಯಸ್ಸು, ಬಟ್ಟೆ ಅಂಗಡಿಯ ಗಾದಿಯ ಮೇಲೆ ಕೂರುತ್ತಾರೆ. ಕೂತು ಕೂತು ಗಾದಿಯೂ ಅವರೂ ಒಂದೇ ಆಕಾರಕ್ಕೆ ಬಂದಿದ್ದಾರೆ. ಅವತ್ತು ಮಧ್ಯಾಹ್ನ ಏದುಸಿರು ಬಿಡುತ್ತ ಗರಡಿಗೆ ಬಂದರು. ನಮ್ಮ ಗುರು ಪರಸಜ್ಜ ಆಗತಾನೆ ಊಟ ಮುಗಿಸಿ ಕಂಬಕ್ಕೆ ಒರಗಿ ಕೂತಿದ್ದರು. ಅಜ್ಜನಿಗೆ ಎಂಬತ್ತಮೂರು. ಈಗಲೂ ಬೆಳಿಗ್ಗೆ ಕುಸ್ತಿಯಾಡುವ ಮಟ್ಟಿಯ ಮಣ್ಣನ್ನು ಅವರೇ ಅಗೆದು ಹದ ಮಾಡುತ್ತಾರೆ.

ಮೈಲಾರಪ್ಪ ಚೀಲದಿಂದ ಮೂರು ಡಬ್ಬಿ ತೆಗೆದು ಸಾಲಾಗಿ ಇಟ್ಟರು.

"ಅಜ್ಜಾರೇ, ಅಳಿಯ ಒಂದು ಭಾಷಣಕ್ಕೆ ಕರಕೊಂಡು ಹೋಗಿದ್ದ. ಮೈತುಂಬ ಜೀವಕೋಶಗಳಂತೆ. ಒಂದೊಂದರಲ್ಲೂ ಪುಟ್ಟಪುಟ್ಟ ಒಲೆಗಳಂತೆ. ತಿಂದದ್ದು ಅಲ್ಲಿ ಉರಿದು ಕಸುವಾಗುತ್ತದಂತೆ. ವಯಸ್ಸಾದ ಹಾಗೆ ಒಲೆಗಳು ಮಂಕಾಗುತ್ತವಂತೆ. ಅವನ್ನು ಮತ್ತೆ ಉರಿಸೋಕೆ ಇದು ಪುಡಿ, ಇದು ಮಾತ್ರೆ, ಇದು ಎಣ್ಣೆಯ ಗುಳಿಗೆ. ಯಾವುದು ತಗೊಂಡರೆ ನಾನು ಮೊದಲಿನ ಹಾಗೆ ಆಗ್ತೀನಿ?"

"ಮೂರನ್ನೂ ಕಲಸಿ ಮುದ್ದೆ ಕಟ್ಟಿ ಮಾವಾ, ಸಾರು ನಾನು ತರ್ತೀನಿ" ಎಂದೆ ನಾನು. ಗರಡಿಯ ಹುಡುಗರೆಲ್ಲ ಅವರನ್ನು ಮಾವ ಎಂದೇ ಕರೆಯುವುದು.

ಅಜ್ಜ ನನ್ನ ಕಡೆ ಒಂದು ಸಲ ನೋಡಿದರು. ನಾನು ಬಾಯಿ ಮುಚ್ಚಿದೆ. ಅಜ್ಜ ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಕಮ್ಮಾರನಿದ್ದ. ಎತ್ತಿನ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಏರಿಸುವುದು ಅವನ ಕಸುಬು. ಪಟ್ಟಿ ಬಳೆಯ ಹಾಗೆ ದುಂಡಗಿರುತ್ತದೆ. ಮರದ ಗಾಲಿಗಿಂತ ಅದು ಒಂದು ಚೂರು ಚಿಕ್ಕದೇ ಇರಬೇಕು. ಅದನ್ನು ನೆಲದ ಮೇಲಿಟ್ಟು, ಅಡಿಗೂ ಮೇಲಕ್ಕೂ ಕುಳ್ಳು ಜೋಡಿಸಿ ಬೆಂಕಿ ಕೊಡುತ್ತಾರೆ. ಕುಳ್ಳೆಂದರೆ ಸಗಣಿ ತಟ್ಟಿ ಒಣಗಿಸಿದ್ದು. ಕಾದ ಪಟ್ಟಿ ಹಿಗ್ಗುತ್ತದೆ. ಹಿಗ್ಗಿದಾಗ ಎತ್ತಿ ಗಾಲಿಗೆ ತೊಡಿಸಿ ನೀರು ಸುರಿಯುತ್ತಾರೆ. ಅದು ಕುಗ್ಗಿ ಮರವನ್ನು ಬಿಗಿಯಾಗಿ ಅಪ್ಪುತ್ತದೆ.

ಇದರಲ್ಲಿ ಇರುವ ಕಷ್ಟ ಒಂದೇ. ಇನ್ನೂರು ಕುಳ್ಳಿದ್ದರೆ ಇನ್ನೂರೂ ಉರಿಯಬೇಕು. ಒಂದು ಗೇಣು ಜಾಗ ತಣ್ಣಗಿದ್ದರೂ ಪಟ್ಟಿ ಗಾಲಿಗೆ ಏರುವುದಿಲ್ಲ.

ಕಮ್ಮಾರನ ಕೈಯಲ್ಲಿ ನಲವತ್ತು ವರ್ಷ ಒಂದು ಪಟ್ಟಿಯೂ ಹಾಗೆ ನಿಂತಿರಲಿಲ್ಲ. ಅವನೇ ಹೊಲದವರೆಗೆ ನಡೆದು ಕುಳ್ಳು ಹೊತ್ತು ತರುತ್ತಿದ್ದ. ಅವನೇ ಬೂದಿ ಗುಡಿಸುತ್ತಿದ್ದ. ಅವನೇ ಒಂದೊಂದಾಗಿ ಜೋಡಿಸುತ್ತಿದ್ದ. ಆಮೇಲೆ ಹೆಸರು ಬಂತು. ಹೆಸರಿನ ಹಿಂದೆಯೇ ಒಂದು ಕಟ್ಟೆ ಬಂತು. ಅವನು ಕಟ್ಟೆಯ ಮೇಲೆ ಕೂತ. ಗಾಡಿ ತಂದವರೇ ಕುಳ್ಳು ತಂದು ರಾಶಿ ಸುರಿಯತೊಡಗಿದರು. "ಇನ್ನೂ ಹಾಕಿ, ಇನ್ನೂ ಹಾಕಿ" ಎಂದು ಅವನು ಅಲ್ಲಿಂದಲೇ ಕೈ ಆಡಿಸುತ್ತಿದ್ದ. ಮೊನ್ನೆಯ ಬೂದಿಯ ಮೇಲೆ ನಿನ್ನೆಯ ಬೂದಿ, ಅದರ ಮೇಲೆ ಇವತ್ತಿನ ಬೆಂಕಿ.

ಒಂದು ದಿನ ಒಬ್ಬ ರೈತನ ಗಾಲಿಗೆ ಪಟ್ಟಿ ಏರಲಿಲ್ಲ. ಅರ್ಧಕ್ಕೆ ಬಂದು ಕಚ್ಚಿಕೊಂಡು ನಿಂತಿತು.

"ವಯಸ್ಸಾಯಿತು ಕಣೇ. ನನಗೂ ಆಯಿತು, ನನ್ನ ಬೆಂಕಿಗೂ ಆಯಿತು" ಎಂದ ಕಮ್ಮಾರ.

ಹೆಂಡತಿ ಅಕ್ಕಿ ಕೇರುತ್ತಿದ್ದಳು. "ಬೆಂಕಿಗೆ ಎಲ್ಲಿಯ ವಯಸ್ಸು? ಅದು ಬೆಳಿಗ್ಗೆ ಹುಟ್ಟಿದ್ದು. ಇನ್ನೂ ಅದಕ್ಕೆ ಹೆಸರಿಟ್ಟಿಲ್ಲ" ಎಂದಳು.

ಅಷ್ಟರಲ್ಲಿ ಒಬ್ಬ ವ್ಯಾಪಾರಿ ಆ ದಾರಿಯಲ್ಲಿ ಬಂದ. ಅವನ ಹತ್ತಿರ ಡಬ್ಬಿಗಳಲ್ಲಿ ರಾಳದ ಪುಡಿ ಇತ್ತು.

"ಇದು ಬೆಂಕಿಯ ವಯಸ್ಸು ಇಳಿಸುವ ಪುಡಿ" ಎಂದ ವ್ಯಾಪಾರಿ.

"ನನ್ನದು ಇಳಿಯುವುದಿಲ್ಲವೇ?" ಎಂದು ಕೇಳಿದ ಕಮ್ಮಾರ.

"ಎರಡು ಡಬ್ಬಿ ತೆಗೆದುಕೊಂಡರೆ ಅದೂ ಇಳಿಯುತ್ತದೆ."

ಕಮ್ಮಾರ ಎರಡು ಡಬ್ಬಿ ತೆಗೆದುಕೊಂಡ. ಮಾರನೆಯ ದಿನ ಅದೇ ರೈತ ಅದೇ ಗಾಲಿ ತಂದ. ಕುಳ್ಳಿನ ರಾಶಿ ಹಾಕಿಸಿ, ಬೆಂಕಿ ಕೊಟ್ಟು, ಕಮ್ಮಾರ ಒಂದು ಡಬ್ಬಿ ಪುಡಿ ಪೂರ್ತಿ ಎಸೆದ. ಭುಗ್ಗೆಂದು ಉರಿ ಬೇವಿನ ಮರದ ತುದಿ ಮುಟ್ಟಿತು. ಮಕ್ಕಳು ಕೇಕೆ ಹಾಕಿದರು. ಕಮ್ಮಾರ ಮೀಸೆ ತಿರುವಿದ. ತಿರುವುವಾಗ ಮೀಸೆಯ ಒಂದು ತುದಿ ಸುಟ್ಟುಹೋಗಿರುವುದು ಗೊತ್ತಾಯಿತು.

ನಾಲ್ವರು ಇಕ್ಕಳ ಹಿಡಿದು ಪಟ್ಟಿ ಎತ್ತಿದರು. ಗಾಲಿಯ ಮೇಲೆ ಇಟ್ಟರು. ಅದು ಕಾಲುಭಾಗಕ್ಕೇ ಕಚ್ಚಿಕೊಂಡಿತು.

"ಮಗಳ ಮದುವೆಯಲ್ಲೂ ಇಷ್ಟು ಬೆಳಕು ಇರಲಿಲ್ಲ. ಕಬ್ಬಿಣಕ್ಕೆ ಮಾತ್ರ ಎಚ್ಚರವಾಗಲಿಲ್ಲ" ಎಂದಳು ಹೆಂಡತಿ.

ನೋಡಲು ಸೇರಿದ್ದ ರೈತರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಕೊನೆಗೆ ಒಬ್ಬ ಹಿರಿಯ ರೈತ ಮುಂದೆ ಬಂದ. "ಅಣ್ಣಾ, ಬೇಜಾರು ಮಾಡಿಕೊಳ್ಳಬೇಡ. ಎಂಟು ದಿನ ನೋಡುತ್ತೇವೆ. ಮುಂದಿನ ಸಲವೂ ಪಟ್ಟಿ ಏರದಿದ್ದರೆ ಪಕ್ಕದೂರಿನವನನ್ನು ಕರೆಸುತ್ತೇವೆ. ನೀನು ಸುತ್ತಿಗೆ ಇಳಿಸಿ ಹಾಯಾಗಿ ಕೂತುಬಿಡು" ಎಂದ.

ಕಮ್ಮಾರನಿಗೆ ಕಟ್ಟೆಯ ಮೇಲೆ ಕೂರುವುದು ಅಲ್ಲಿಯವರೆಗೆ ಇಷ್ಟವಾಗಿತ್ತು. ಇನ್ನು ಅಲ್ಲಿಂದ ಏಳುವ ಹಾಗೇ ಇಲ್ಲ ಎಂದು ಗೊತ್ತಾದಾಗ ಅದೇ ಕಟ್ಟೆ ಚುಚ್ಚತೊಡಗಿತು. ಸುತ್ತಿಗೆ ಇಲ್ಲದ ಕೈಯನ್ನು ಎಲ್ಲಿಡಬೇಕು ಎಂದು ಅವನಿಗೆ ತಿಳಿಯಲಿಲ್ಲ. ತೊಡೆಯ ಮೇಲಿಟ್ಟ. ಎತ್ತಿದ. ಮತ್ತೆ ಇಟ್ಟ.

"ಉಳಿದ ಡಬ್ಬಿಯನ್ನೂ ಎಸೆದು ನೋಡಲೇ?" ಎಂದು ಹೆಂಡತಿಯನ್ನು ಕೇಳಿದ.

"ಇಲ್ಲಿ ಕೊಡಿ" ಎಂದು ಹೆಂಡತಿ ಡಬ್ಬಿ ಕಸಿದು ಸೂರಿಗೆ ತೂಗುಬಿಟ್ಟ ನೆಲುವಿನ ಮೇಲಿಟ್ಟಳು. "ಮೊದಲು ಬನ್ನಿ" ಎಂದು ಬೆಂಕಿಯ ಜಾಗಕ್ಕೆ ಕರೆದುಕೊಂಡು ಹೋದಳು. ಬೂದಿಯಲ್ಲಿ ಕೈಯಿಟ್ಟು ನೋಡಲು ಹೇಳಿದಳು. ಅವನ ಕೈ ಮೊಣಕೈವರೆಗೆ ಇಳಿಯಿತು. ನೆಲ ಸಿಗಲಿಲ್ಲ.

"ಇದರ ಮೇಲೆ ನೀವು ಕಬ್ಬಿಣ ಕಾಯಿಸುತ್ತಿದ್ದೀರಿ. ನನ್ನ ಹೊಟ್ಟೆಯ ಮೇಲೆ ಹೀಗೆ ಬೂದಿ ಸುರಿದಿದ್ದರೆ ನಾನೂ ಉರಿಯುತ್ತಿರಲಿಲ್ಲ, ನಿಮ್ಮ ಮೇಲೆ ಕೂಡ" ಎಂದಳು.

ಅವನು ಬೂದಿ ಹೊತ್ತು ಹಾಕಿದ. ಎರಡು ದಿನ ಹಿಡಿಯಿತು. ಮೂರನೆಯ ದಿನ ಹೊಲಕ್ಕೆ ನಡೆದ. ಅವತ್ತು ದಾರಿಯಲ್ಲಿ ನಾಲ್ಕು ಕಡೆ ಕೂತ. ಮರುದಿನ ಮೂರು ಕಡೆ. ಆರನೆಯ ದಿನ ಒಂದೇ ಕಡೆ ಕೂತ, ಅದೂ ದಾರಿಯಲ್ಲಿ ಸಿಕ್ಕ ಗೆಳೆಯನ ಜೊತೆ ಮಾತಿಗೆ. ತಂದ ಕುಳ್ಳನ್ನು ಹೆಂಡತಿ ಬೆರಳಿನಿಂದ ಬಡಿದು ನೋಡಿದಳು. ಒಣಗಿದ ಕುಳ್ಳು ಟಕಟಕ ಎನ್ನುತ್ತಿತ್ತು. ಹಸಿಯದು ಮಾತಾಡುತ್ತಿರಲಿಲ್ಲ. ಮಾತಾಡದವನ್ನು ಬಿಸಿಲಿಗೆ ಹಾಕಿದಳು. ಸಂಜೆ ಬೇಗ ಊಟಕ್ಕೆ ಕೊಟ್ಟಳು. ಅದೂ ಮೊದಲಿಗಿಂತ ಕಡಿಮೆ. "ಇಷ್ಟೇನಾ?" ಎಂದ ಅವನು. "ಕುಳ್ಳೂ ಇಷ್ಟೇ" ಎಂದಳು ಅವಳು. ಕತ್ತಲಾದ ಸ್ವಲ್ಪ ಹೊತ್ತಿಗೆ ಅವನು ಗೊರಕೆ ಹೊಡೆಯುತ್ತಿದ್ದ.

ಎಂಟನೆಯ ದಿನ ಬೆಳಿಗ್ಗೆ ಅವನೇ ಕೂತು ಕುಳ್ಳು ಜೋಡಿಸಿದ. ರಾಶಿ ಹಾಕುತ್ತಿದ್ದುದರಲ್ಲಿ ಅರ್ಧ ಸಾಕಾಯಿತು. ನಡುನಡುವೆ ಎರಡು ಬೆರಳು ಗಾಳಿಗೆ ಜಾಗ ಬಿಟ್ಟ. ಒಂದು ಮೂಲೆಯಲ್ಲಿ ಮಾತ್ರ, ನೀರಿನ ತೊಟ್ಟಿಯ ಪಕ್ಕ, ನೆಲ ಒದ್ದೆಯಾಗಿತ್ತು. ಎಷ್ಟು ಒರೆಸಿದರೂ ಆರಲಿಲ್ಲ. ಹೆಂಡತಿ ನೆಲುವಿನಿಂದ ಡಬ್ಬಿ ಇಳಿಸಿ ತಂದಳು. ಆ ಮೂಲೆಗೆ ಒಂದು ಚಿಟಿಕೆ ಹಾಕಿದಳು. ಮತ್ತೆ ಮುಚ್ಚಳ ಹಾಕಿದಳು.

"ಅದು ಕೆಟ್ಟದ್ದು ಅಂದುಕೊಂಡಿದ್ದೆ" ಎಂದ ಕಮ್ಮಾರ.

"ಅದು ಏನು ಮಾಡಿತು ಪಾಪ. ಎಲ್ಲಿ ಕೊರತೆಯೋ ಅಲ್ಲಿಗೆ ಅದು ಬೇಕು. ನೀವು ಊರಿಗೆಲ್ಲ ಎರಚಿದಿರಿ."

ಬೆಂಕಿ ಕೊಟ್ಟರು. ಉರಿ ಏಳಲಿಲ್ಲ. ಮಕ್ಕಳಿಗೆ ಬೇಸರವಾಗಿ ಗೋಲಿ ಆಡಲು ಹೋದರು. ರೈತರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಕ್ಕದೂರಿಗೆ ಹೋಗಲು ಒಬ್ಬ ಚಪ್ಪಲಿ ಮೆಟ್ಟಿಕೊಂಡೇ ನಿಂತಿದ್ದ. ಕಮ್ಮಾರ ಪಟ್ಟಿಯ ಸುತ್ತ ನಿಧಾನವಾಗಿ ಒಂದು ಸುತ್ತು ಬಂದ. ಎರಡು ಸುತ್ತು ಬಂದ. ಮೂರನೆಯ ಸುತ್ತಿಗೆ ಪಟ್ಟಿ ದಾಸವಾಳದ ಬಣ್ಣಕ್ಕೆ ತಿರುಗಿತ್ತು. ಸುತ್ತಲೂ ಒಂದೇ ಬಣ್ಣ.

ನಾಲ್ವರು ಎತ್ತಿದರು. ಪಟ್ಟಿ ಗಾಲಿಯ ಮೇಲೆ ಕೂತಿತು. ಕಮ್ಮಾರ ಸುತ್ತಲೂ ಆರು ಏಟು ಹಾಕಿದ. ಅದು ಬಳೆಗಾರ ಬಳೆ ತೊಡಿಸಿದ ಹಾಗೆ ಇಳಿಯಿತು. ನೀರು ಸುರಿದಾಗ ಚುಂಯ್ ಎಂದಿತು, ಮರದ ಕೀಲುಗಳೆಲ್ಲ ಕಟಕಟ ಬಿಗಿದುಕೊಂಡವು. ಚಪ್ಪಲಿ ಮೆಟ್ಟಿದವನು ಅವನ್ನು ಕಳಚಿ ಬಂದು ಗಾಲಿಯನ್ನು ಮುಟ್ಟಿ ನೋಡಿ ಕೈ ಸುಟ್ಟುಕೊಂಡ.

ಅವತ್ತಿನಿಂದ ಕಟ್ಟೆಯ ಮೇಲೆ ಕಮ್ಮಾರನ ಹೆಂಡತಿ ಕೂರತೊಡಗಿದಳು. ಕಮ್ಮಾರ ಕೆಳಗೆ ಸುತ್ತಿಗೆ ಹಿಡಿದು ದುಡಿಯುತ್ತಿದ್ದ. ಅವಳು ಮಜ್ಜಿಗೆ ಕುಡಿಯುತ್ತ, "ಆ ಮೂಲೆ, ಆ ಮೂಲೆ" ಎಂದು ಕೈ ಆಡಿಸುತ್ತಿದ್ದಳು. ಅವನು ಬೈಯುತ್ತಿದ್ದ. ಬೈಯುತ್ತ ಬೈಯುತ್ತ ಬಹಳ ವರ್ಷ ಬದುಕಿದ.

ಕತೆ ಮುಗಿಯಿತು.

ಮೈಲಾರಪ್ಪ ಡಬ್ಬಿಗಳನ್ನು ನೋಡಿದರು. "ಹಾಗಾದರೆ ಈ ಪುಡಿ ಒಳ್ಳೆಯದೋ ಕೆಟ್ಟದ್ದೋ?" ಎಂದು ಕೇಳಿದರು.

"ನಿನ್ನ ಬೂದಿ ಗುಡಿಸಿ ಎಷ್ಟು ವರ್ಷವಾಯಿತು, ಮೈಲಾರಪ್ಪ?"

ಮೈಲಾರಪ್ಪ ಡಬ್ಬಿಗಳನ್ನು ಚೀಲಕ್ಕೆ ತುಂಬಿಕೊಂಡು, ಚೀಲವನ್ನು ಎದೆಗೊತ್ತಿಕೊಂಡು, ಹೊರಟುಹೋದರು.

ಇನ್ನು ನಾನು ನಿಜ ಹೇಳಿಬಿಡುತ್ತೇನೆ. ಅಜ್ಜ ಕತೆ ಹೇಳಿದ್ದು, ರೈತರು ಎಂಟು ದಿನದ ಗಡುವು ಕೊಟ್ಟರಲ್ಲ, ಅಲ್ಲಿಯವರೆಗೆ ಮಾತ್ರ. ಅಷ್ಟು ಹೊತ್ತಿಗೆ ಅವರ ಮಧ್ಯಾಹ್ನದ ನಿದ್ದೆಯ ಸಮಯವಾಯಿತು. ಅಜ್ಜ ನಿದ್ದೆಯ ಸಮಯವನ್ನು ಯಾರಿಗೂ ಬಿಟ್ಟುಕೊಡುವವರಲ್ಲ. ಕಂಬಕ್ಕೆ ಒರಗಿದ್ದವರು ಹಾಗೆಯೇ ಮಲಗಿಬಿಟ್ಟರು.

ಮೈಲಾರಪ್ಪನವರ ಮುಖ ನೋಡಬೇಕಿತ್ತು. ಸುತ್ತಿಗೆ ಕಳೆದುಕೊಳ್ಳುವವರು ಅವರೇ ಎಂಬ ಹಾಗಿತ್ತು. "ಲೇ ಕೊಟ್ರ, ಆಮೇಲೆ ಏನಾಯಿತೋ? ನೀನು ಈ ಕತೆ ಕೇಳಿದ್ದೀಯೇನೋ?" ಎಂದು ಪಿಸುಗುಟ್ಟಿದರು.

"ನೂರು ಸಲ ಕೇಳಿದ್ದೀನಿ ಮಾವಾ" ಎಂದೆ. ನಾನು ಒಂದು ಸಲವೂ ಕೇಳಿರಲಿಲ್ಲ.

ಬೂದಿ ನನ್ನದು. ಒದ್ದೆ ಮೂಲೆ ನನ್ನದು. ಆಮೇಲಿನ ಹೆಂಡತಿಯ ಮಾತೆಲ್ಲ ನಮ್ಮವ್ವನ ಬಾಯಿಂದ ಕದ್ದದ್ದು. ಕೊನೆಯ ಪ್ರಶ್ನೆಯನ್ನು ಮಾತ್ರ, "ಇಲ್ಲಿಗೆ ಬಂದಾಗ ಅಜ್ಜ ಹೀಗೆ ಕೇಳುತ್ತಾರೆ" ಎಂದು ಅಜ್ಜನ ದನಿಯಲ್ಲೇ ಕೇಳಿದೆ. ನನ್ನ ದನಿಯಲ್ಲಿ ಕೇಳಿದ್ದರೆ ಕಪಾಳಕ್ಕೆ ಬೀಳುತ್ತಿತ್ತು.

ನಗುವುದಕ್ಕೆಂದು ಮಾಡಿದ ಕೆಲಸ. ಆದರೆ ಮರುದಿನ ಮೈಲಾರಪ್ಪ ಡಾಕ್ಟರ ಹತ್ತಿರ ಹೋದರು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಇಂಥದ್ದೊಂದು ಕಡಿಮೆ ಇದೆ ಎಂದು ಒಂದು ಮಾತ್ರೆ ಬರೆದು, ಉಳಿದದ್ದು ಬೇಡ ಎಂದರಂತೆ. ಆಮೇಲೆ ದಿನಾ ಬೆಳಿಗ್ಗೆ ನಡೆದುಕೊಂಡೇ ಗರಡಿಗೆ ಬರತೊಡಗಿದರು. ತಿಂಗಳು ಕಳೆದ ಮೇಲೆ ಒಂದು ದಿನ ಅಜ್ಜನ ಕಾಲಿಗೆ ಬಿದ್ದು, "ನಿಮ್ಮ ಆ ಒಂದು ಪ್ರಶ್ನೆ ನನ್ನನ್ನು ಗಾದಿಯಿಂದ ಎಬ್ಬಿಸಿತು ಅಜ್ಜಾರೇ" ಎಂದರು.

ಅಜ್ಜ ಅವರ ತಲೆಯ ಮೇಲೆ ಕೈಯಿಟ್ಟು, ನನ್ನ ಕಡೆ ನೋಡಿದರು. ನಾನು ಗರಡಿಯ ಹೆಂಚು ಎಣಿಸುತ್ತಿದ್ದೆ.

ಅವರು ಹೋದ ಮೇಲೆ ಅಜ್ಜ ಕರೆದರು.

"ಕೊಟ್ರ, ಆ ಪಟ್ಟಿ ಏರಿತೇನೋ?"

"ಏರಿತು ಅಜ್ಜಾ. ನಾನೇ ಏರಿಸಿಬಿಟ್ಟೆ. ಕೊನೆಯೆಲ್ಲ ನನ್ನ ಕಲ್ಪನೆ, ತಪ್ಪಾಯಿತು."

ಅಜ್ಜ ಮತ್ತೆ ಕಂಬಕ್ಕೆ ಒರಗಿ, "ಒಳ್ಳೆಯದಾಯಿತು ಬಿಡು, ನನಗೆ ಕತೆ ಹೇಳುವಾಗ ನಮ್ಮ ಗುರುಗಳೂ ಅಲ್ಲಿಗೇ ನಿದ್ದೆ ಹೋಗಿದ್ದರು" ಎಂದರು.