ಅಳದ ಮಕ್ಕಳು

"ಬಿಟ್ಟು ಬರಲೇಬೇಕಾದವನು ಪ್ರೀತಿಸುವುದು ಸರಿಯೇ, ಗುರುಗಳೇ?" ಎಂದು ಶಿಷ್ಯನು ಕೇಳಿದನು.

ನೆರೆಯಲ್ಲಿ ತಂದೆತಾಯಿಯರನ್ನು ಕಳೆದುಕೊಂಡ ಮಕ್ಕಳಿಗಾಗಿ ದೂರದ ಊರಿನಲ್ಲಿ ಒಂದು ಆಸರೆಮನೆ ತೆರೆದಿತ್ತು. ಅಲ್ಲಿಗೆ ಹೋಗಿ ಒಂದು ವರ್ಷ ಅವರನ್ನು ನೋಡಿಕೊಂಡು ಬಾ ಎಂದು ಗುರುಗಳು ಅವನಿಗೆ ಹೇಳಿದ್ದರು.

"ವರ್ಷ ಕಳೆದು ನಾನು ಹೊರಟರೆ ಆ ಮಕ್ಕಳು ಮತ್ತೊಮ್ಮೆ ಅನಾಥರಾಗುವುದಿಲ್ಲವೇ? ಹೋಗದಿರುವುದೇ ಮೇಲಲ್ಲವೇ?"

ಗುರುಗಳು ಹೇಳತೊಡಗಿದರು.

ಒಬ್ಬ ನೇಕಾರನಿಗೆ ಒಬ್ಬಳು ಮಗಳಿದ್ದಳು. ಕಡಲಾಚೆಯ ನಾಡಿನಲ್ಲಿ ಯುದ್ಧವಾಗಿ ಮಕ್ಕಳು ದಿಕ್ಕಿಲ್ಲದವರಾಗಿದ್ದಾರೆಂದು ಕೇಳಿ, ಮನೆಯವರು ಬೇಡವೆಂದರೂ ಹಡಗು ಹತ್ತಿದಳು. ಆ ನಾಡಿನ ರೇವಿನ ಬಳಿ ಅನಾಥ ಮಕ್ಕಳ ಮನೆಯೊಂದಿತ್ತು. ಅದನ್ನು ನಡೆಸುತ್ತಿದ್ದ ಹಿರಿಯ ಹೆಂಗಸು ಮೊದಲ ದಿನವೇ ಅವಳಿಗೆ ಕಟ್ಟಪ್ಪಣೆ ಮಾಡಿದಳು.

"ಉಣಿಸು, ಮೈ ತೊಳೆ, ಮಲಗಿಸು. ಎತ್ತಿಕೊಳ್ಳಬೇಡ. ನಿನ್ನಂಥವರು ಬಹಳ ಮಂದಿ ಬಂದು ಹೋದರು. ಅವರು ಹೋದ ಮೇಲಿನ ಅಳು ಕೇಳಿದವಳು ನಾನು."

ಹುಡುಗಿ ತಲೆಯಾಡಿಸಿದಳು. ಆ ಮನೆಯಲ್ಲಿ ಯಾವ ಮಗುವೂ ಅಳುತ್ತಿರಲಿಲ್ಲ. ಎಂಥ ಜಾಣ ಮಕ್ಕಳು ಎಂದುಕೊಂಡಳು.

ಒಂದು ಬೆಳಿಗ್ಗೆ ಒಂದು ಪುಟ್ಟ ಗಂಡುಮಗು ಮೆಟ್ಟಿಲಿನಿಂದ ಉರುಳಿ ಬಿತ್ತು. ತುಟಿ ಒಡೆದು ರಕ್ತ ಬಂತು. ಮಗು ಅಳಲಿಲ್ಲ, ಯಾರಾದರೂ ಬಂದರೇ ಎಂದು ತಿರುಗಿಯೂ ನೋಡಲಿಲ್ಲ. ಎದ್ದು, ತೋಳಿನಿಂದ ಬಾಯಿ ಒರೆಸಿಕೊಂಡು, ಗೋಡೆಗೆ ಒರಗಿ ಕುಳಿತಿತು.

ಇವು ಜಾಣ ಮಕ್ಕಳಲ್ಲ, ಕರೆದು ಕರೆದು ಸಾಕಾದ ಮಕ್ಕಳು ಎಂದು ಆಗ ಹುಡುಗಿಗೆ ತಿಳಿಯಿತು. ಓಡಿಹೋಗಿ ಮಗುವನ್ನು ಎತ್ತಿಕೊಂಡಳು. ಅದು ಕೊರಡಿನಂತೆ ಸೆಟೆದುಕೊಂಡಿತು. ಆದರೂ ಬಿಡಲಿಲ್ಲ. ಬೆನ್ನಿಗೆ ಕಟ್ಟಿಕೊಂಡೇ ಗಂಜಿ ಕಾಯಿಸಿದಳು, ಬಟ್ಟೆ ಒಗೆದಳು. ಮರುದಿನ ಮತ್ತೊಂದನ್ನು ಸೊಂಟಕ್ಕೇರಿಸಿಕೊಂಡಳು.

ಹಿರಿಯಳು ಅಡ್ಡ ಬಂದು ನಿಂತಳು.

"ಕೆಳಗಿಳಿಸು. ಇಲ್ಲವಾದರೆ ಹೊರಗೆ ಹಾಕುತ್ತೇನೆ."

"ಹಾಕಿ. ಹಾಕುವ ತನಕ ಎತ್ತಿಕೊಂಡಿರುತ್ತೇನೆ."

ದುಡಿಯುವ ಕೈಗಳು ಬೇರೆ ಇರಲಿಲ್ಲ. ಹಿರಿಯಳು ಹಲ್ಲು ಕಚ್ಚಿ ಸುಮ್ಮನಾದಳು.

ಮಳೆಗಾಲ ಮುಗಿಯುವ ಹೊತ್ತಿಗೆ, ತುಟಿ ಒಡೆದುಕೊಂಡಿದ್ದ ಆ ಮಗು ಅಂಗಳದಲ್ಲಿ ಎಡವಿ ಬಿತ್ತು. ಮೊಣಕಾಲು ತರಚಿತು. ಒಂದು ಗಳಿಗೆ ಹುಡುಗಿಯ ಮುಖ ನೋಡಿ, ಊರಿಗೆಲ್ಲ ಕೇಳುವಂತೆ ಅತ್ತಿತು. ಉಳಿದ ಮಕ್ಕಳು ಬೆರಗಾಗಿ ನೋಡಿದರು. ವಾರ ಕಳೆಯುವಷ್ಟರಲ್ಲಿ ಅವರೂ ಹಸಿವಿಗೆ, ಹಟಕ್ಕೆ, ಮುನಿಸಿಗೆ ಅಳತೊಡಗಿದರು. ಮನೆಯಲ್ಲಿ ಕಿವಿ ಇಡಲಾಗದಷ್ಟು ಗದ್ದಲವಾಯಿತು. ಹುಡುಗಿ ಒಲೆಯ ಮುಂದೆ ಕುಳಿತು ನಕ್ಕಳು.

ತಂದೆಗೆ ಕಾಯಿಲೆಯೆಂಬ ಸುದ್ದಿ ಬಂದು ಅವಳು ಊರಿಗೆ ಹೊರಡಬೇಕಾಯಿತು. ರೇವಿನಲ್ಲಿ ಆ ಮಗು ಅವಳ ಕೊರಳಿಗೆ ಜೋತುಬಿದ್ದಿತು. ಅವಳು ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ತನ್ನ ಚರ್ಮವನ್ನೇ ಸುಲಿದಂತಾಯಿತು.

"ನೋಡಿದೆಯಾ? ಇದಕ್ಕೇ ಬೇಡವೆಂದದ್ದು" ಎಂದಳು ಹಿರಿಯಳು.

"ಅಳಲಿ, ಅಮ್ಮಾ. ನಾನೂ ದಾರಿಯುದ್ದಕ್ಕೂ ಅಳುತ್ತೇನೆ. ಆದರೆ ಎತ್ತಿಕೊಂಡದ್ದು ತಪ್ಪೆಂದು ಮಾತ್ರ ನನ್ನ ಬಾಯಲ್ಲಿ ಹೇಳಿಸಲಾರಿರಿ" ಎಂದು ಹುಡುಗಿ ಮಗುವನ್ನು ಹಿರಿಯಳ ತೋಳಿಗೆ ಹಾಕಿಬಿಟ್ಟಳು.

ಎಷ್ಟೋ ವರ್ಷಗಳಿಂದ ಯಾವ ಮಗುವನ್ನೂ ಎತ್ತಿರದ ಹೆಂಗಸು ಅವಳು. ಹೇಗೆ ಹಿಡಿಯಬೇಕೆಂದು ತಿಳಿಯದೆ ತಡವರಿಸಿದಳು. ಮಗು ಅವಳ ಹೆಗಲಿಗೆ ಮುಖವೊತ್ತಿ ಅತ್ತಿತು. ಹಡಗು ದಡ ಬಿಟ್ಟಿತು. ಕಣ್ಣಿಗೆ ಕಾಣುವಷ್ಟು ದೂರ ಹುಡುಗಿ ನೋಡಿದಳು. ಹಿರಿಯಳು ಮಗುವನ್ನು ಕೆಳಗಿಳಿಸಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಆದರೂ ಆ ಮಗು ಅತ್ತಿತಲ್ಲ, ಗುರುಗಳೇ" ಎಂದನು ಶಿಷ್ಯ.

"ಅತ್ತಿತು. ನೀನು ಹೆದರಿರುವುದು ಮಕ್ಕಳ ಅಳುವಿಗೋ, ನಿನ್ನ ಅಳುವಿಗೋ?"