ತವರಿಗೆ ಬಂದ ನಗು

ಡಚ್ಚರ ನಾಡಿನ ಒಂದು ಲಾಯಕ್ಕೆ ‘ಗ್ರಿನ್ನಿಕನ್’ ಎಂಬ ಕ್ರಿಯಾಪದ ಬಂತು. ನಿಂತಲ್ಲಿ ನಿಲ್ಲಲಾರದೆ ಬಾಗಿಲಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ ತಿರುಗತೊಡಗಿತು.

“ಯಾರಪ್ಪಾ ನೀನು? ಎಂಥ ಚಡಪಡಿಕೆ!” ಎಂದಿತು ಮುದಿ ಹೆಣ್ಣುಕುದುರೆ.

“ನಿಮ್ಮ ಮನೆಮಗ, ತಾಯಿ. ಹಿಂದೆ ಈ ಸೀಮೆಯ ಜನ ನಿಮ್ಮ ಕೆನೆತಕ್ಕೇ ನನ್ನ ಹೆಸರು ಹೇಳುತ್ತಿದ್ದರು. ಆಮೇಲೆ ತಮ್ಮ ಮುಸಿಮುಸಿ ನಗುವಿಗೆಂದು ಕರೆದೊಯ್ದರು. ಬಾಯಿಗೆ ಕೈ ಅಡ್ಡ ಹಿಡಿದೂ ಹಿಡಿದೂ ಉಸಿರು ಕಟ್ಟಿದೆ. ಇನ್ನು ಇಲ್ಲೇ ಇದ್ದುಬಿಡುತ್ತೇನೆ.”

“ಇರು, ಯಾರು ಬೇಡವೆಂದರು? ಮೊದಲು ಒಮ್ಮೆ ಕೆನೆ, ಕೇಳೋಣ.”

ಪದ ಬಾಯಿ ತೆರೆಯುವಷ್ಟರಲ್ಲಿ ಎಳೆಯ ಕುದುರೆಮರಿಯೊಂದು ಒದ್ದೆ ಕಲ್ಲಿನ ಮೇಲೆ ಜಾರಿ, ನಾಲ್ಕು ಕಾಲೂ ಮೇಲಾಗಿ ಬಿತ್ತು. ಪದ ಗೋಡೆಗೆ ಮುಖ ತಿರುಗಿಸಿ, ಅಂಗೈಯನ್ನು ಬಾಯಿಗೊತ್ತಿ, ಕಿಸಕ್ಕೆಂದು ನಕ್ಕಿತು.

ಮುದಿ ಕುದುರೆ ಕತ್ತೆತ್ತಿ ಕೆನೆಯಿತು. ಆಚೆ ಮೇಯುತ್ತಿದ್ದ ಮರಿಯ ತಾಯಿ ಬೇಲಿ ಹಾರಿ ಓಡಿ ಬಂತು.

ಪದ ಗಡಬಡಿಸಿ ಬಾಯಿಂದ ಕೈ ತೆಗೆಯಿತು.

“ಬೇಡ, ಅಲ್ಲೇ ಇಟ್ಟುಕೋ,” ಎಂದಿತು ಮುದಿ ಕುದುರೆ. “ನೀನು ಹುಟ್ಟಿದ್ದು ಇಲ್ಲೇ, ನಿಜ. ಬೆಳೆದದ್ದು ಮಾತ್ರ ಅವರ ಬಾಯಲ್ಲಿ.”